ತಣ್ಣಗಿರಬೇಕಾದ ಟಯರು

ಡಿಸೆಂಬರ್ 1, ಸೋಮವಾರ

ಮುಂದಿನ ಎಡ 47. ಮುಂದಿನ ಬಲ 47. ಹಿಂದಿನ ಬಲ 48. ಹಿಂದಿನ ಎಡ 41. ಎದ್ದೆ. ಸೀರೆಯಂಚಿನ ಮಣ್ಣು ಕೊಡವಿದೆ. ಕೈ ತೊಳೆದು ಪ್ರಾರ್ಥನೆಗೆ ಹೋಗಿ ನಿಂತೆ.

ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಟೀಚರ್ ಎಂದರೆ ಬಿಡುವಾಗಿರುವ ಹೆಂಗಸು — ಆಡಳಿತ ಮಂಡಳಿಯ ದೃಢ ನಂಬಿಕೆ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಸ್ವಾಗತಗೀತೆ ಬರೆಯುವುದು ನಾನು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು ನಾನು. ಈಗ ಕೆಲವು ವಾರದಿಂದ ವ್ಯಾನಿನ ಟಯರಿಗೆ ಗಾಳಿ ನೋಡುವುದೂ ನಾನು. ಇನ್ಶೂರೆನ್ಸಿನವರು ದಿನಾ ನೋಡಿ ಅಂದರಂತೆ. ಪ್ರಿನ್ಸಿಪಾಲ್ ಗಂಗಾಂಬಿಕಾ ಮೇಡಂ ಆನ್‌ಲೈನಿನಲ್ಲಿ ಒಂದು ಡಿಜಿಟಲ್ ಗೇಜ್ ತರಿಸಿ ನನ್ನ ಕೈಗಿಟ್ಟರು. "ನಮಿತಾ ಟೀಚರ್, ಇದು ತುಂಬಾ ಸಿಂಪಲ್." ಸಿಂಪಲ್ ಆದದ್ದೆಲ್ಲ ಕನ್ನಡದ ಪಾಲಿಗೆ.

ಆಟಿಕೆ ಪಿಸ್ತೂಲಿನ ಹಾಗಿದೆ. ಮೂತಿಯನ್ನು ಟಯರಿನ ವಾಲ್ವಿಗೆ ಒತ್ತಿದರೆ ನಂಬರು ಬೆಳಗುತ್ತದೆ. ತಣ್ಣಗಿರುವಾಗ ನಲವತ್ತೈದು ಇರಬೇಕು ಎಂದು ವ್ಯಾನಿನ ಬಾಗಿಲಲ್ಲೇ ಚೀಟಿ ಅಂಟಿಸಿದೆ. ಮೂರಕ್ಕೆ ದಿನಾ ಸ್ವಲ್ಪ ಹೆಚ್ಚು. ಹಿಂದಿನ ಎಡಕ್ಕೆ ದಿನಾ ಕಡಿಮೆ. ದಿನಾ ತುಂಬಿಸುವುದು, ಮರುದಿನ ಮತ್ತೆ ಕಡಿಮೆ.

ಡ್ರೈವರ್ ಶರಣ ದಾಸನಕೊಪ್ಪದವನು. ಸಂಜೆ ವ್ಯಾನನ್ನು ಶಾಲೆಯ ಶೆಡ್ಡಿಗೆ ಸೇರಿಸಿ ಬೈಕಿನಲ್ಲಿ ಊರಿಗೆ ಹೋಗುತ್ತಾನೆ, ಬೆಳಿಗ್ಗೆ ಬೇಗ ಬರುತ್ತಾನೆ.

"ಪಂಕ್ಚರ್ ಇಲ್ರೀ ಅಕ್ಕೋರ," ಎಂದ. "ವಯಸ್ಸಾಗೈತಿ ಅದಕ್ಕ. ಉಸಿರು ಹಿಡಿಯವಲ್ದು."

"ನನಗೂ ನಲವತ್ತೈದಾಯ್ತು ಶರಣ. ನಾನು ಹಿಡ್ಕೊಂಡಿಲ್ವಾ?"

"ನಿಮ್ಮ ಮ್ಯಾಲ ಹದಿಮೂರು ಮಂದಿ ಕುಂತಿಲ್ರೀ."

ನನ್ನ ಹತ್ತಿರ ಒಂದು ಪ್ರಾಸವಿತ್ತು:

ಓದಿದ್ದು ಕಾವ್ಯ, ನೋಡುವುದು ಗಾಳಿ;
ಬಿ.ಎ. ಸರ್ಟಿಫಿಕೇಟಿಗೆ ಗೆದ್ದಲ ಹಾವಳಿ.

ಡಿ. 4, ಗುರುವಾರ, ಸಂಜೆ

ಗೇಜಿನಲ್ಲಿ ಇನ್ನೊಂದು ಬಟನ್ ಇದೆ. ಇಷ್ಟು ದಿನ ಬ್ಯಾಟರಿಯದ್ದು ಎಂದುಕೊಂಡಿದ್ದೆ. ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದ ಜಾಗ ಎಷ್ಟು ಬಿಸಿ ಇದೆಯೆಂದು ಮುಟ್ಟದೆಯೇ ಹೇಳುತ್ತದೆ. ಮ್ಯಾನ್ಯುಯಲ್ ಇಂಗ್ಲಿಷಿನಲ್ಲೂ ಚೀನಿಯಲ್ಲೂ ಇತ್ತು. ನನಗೆ ಎರಡೂ ಸುಮಾರಾಗಿ ಒಂದೇ.

ಮನೆಗೆ ತಂದೆ. ಮಗಳು ಅಭಿಜ್ಞಾಗೆ ಹಬ್ಬ. ದೋಸೆ ಕಾವಲಿ 204. ಟೀ 71. ಬೆಕ್ಕಿನ ಬೆನ್ನು 31. ಇವರ ಹಣೆ 33. ಇವರು ಎಂದರೆ ಯಜಮಾನರು. ಕೋಪ ಬಂದಾಗ ನಾಗಪತಿ ಹೆಗಡೆ ಎಂದು ಪೂರ್ತಿ ಬರೆಯುವ ರೂಢಿ. ಇವತ್ತು ಇವರು.

"ಅಪ್ಪಯ್ಯನಿಗೆ ಬಿಸಿಯೇ ಇಲ್ಲೆ," ಎಂದಳು ಮಗಳು.

"ಮನೆಯಲ್ಲಿ ಒಬ್ರಾದ್ರೂ ತಣ್ಣಗಿರವಲೇ," ಎಂದರು ಇವರು, ಮೊಬೈಲಿನಿಂದ ತಲೆ ಎತ್ತದೆ.

ಡಿ. 5

ನೆಲ 17 ಡಿಗ್ರಿ. ಟಯರು 36, 36, 37. ಹಿಂದಿನ ಎಡ 49.

ಮಿಷನ್ನು ಕೆಟ್ಟಿತು ಎಂದುಕೊಂಡೆ. ಬೆಳಗಿನ ಏಳು ಗಂಟೆ. ಮಂಜು ಶೆಡ್ಡಿನೊಳಗೂ ಬಂದು ನಿಂತಿದೆ. ರಾತ್ರಿಯಿಡೀ ನಿಂತ ಗಾಡಿಯ ಟಯರು ನೆಲದಷ್ಟೇ ತಣ್ಣಗಿರಬೇಕು. ಮತ್ತೆ ಒತ್ತಿದೆ. ಮತ್ತೆ ಅದೇ. ಅಂಗೈಯಿಟ್ಟೆ. ಸುಳ್ಳಲ್ಲ. ಬಾಣಂತಿ ಕೋಣೆಯ ಹಾಸಿಗೆಯ ಹಾಗೆ ಬೆಚ್ಚಗಿದೆ.

"ಬಿಸಲಿಗೆ ಕಾದೈತ್ರೀ ಅಕ್ಕೋರ," ಎಂದ ಶರಣ.

ಸೂರ್ಯ ಇನ್ನೂ ಬನವಾಸಿ ಕಡೆಯಿಂದ ಹೊರಟಿರಲಿಲ್ಲ.

ಮಂಜಿನ ಚಳಿಗೆ ನಡುಗಿತು ಊರು,
ಬೆವರಿ ಕುಳಿತಿತು ನಮ್ಮ ಟಯರು.

ಡಿ. 8, ಸೋಮವಾರ

ಗೇಜನ್ನು ಪರೀಕ್ಷೆಗೆ ಕೂರಿಸಿದೆ. ಶೆಡ್ಡಿನ ಮೂಲೆಯಲ್ಲಿ ಎರಡು ವರ್ಷದಿಂದ ನಿಂತಿರುವ ಹಳೇ ಮೆಟಡೋರು: 17. ಗಂಗಾಂಬಿಕಾ ಮೇಡಂ ಆಗಷ್ಟೇ ಬಂದಿಳಿದ ಸ್ಕೂಟಿ: 29. ನನ್ನ ಸ್ಕೂಟಿ, ಅವರದಕ್ಕಿಂತ ದೂರದಿಂದ ಬಂದದ್ದು: 31. ವ್ಯಾನು: 37.

ಅಂದರೆ ವ್ಯಾನು ನನಗಿಂತ ದೂರದಿಂದ ಬಂದಿದೆ. ಅಂದರೆ ರಾತ್ರಿ ಶೆಡ್ಡಿನಲ್ಲಿ ಇರಲೇ ಇಲ್ಲ. ಮೂರು ಟಯರಿಗೆ ದಿನಾ ಎರಡು ಮೂರು ಪಾಯಿಂಟು ಹೆಚ್ಚು ಗಾಳಿ ತೋರಿಸುತ್ತಿದ್ದದ್ದೂ ಇದೇ — ಬಿಸಿಗೆ ಉಬ್ಬಿದ ಗಾಳಿ. ನಾನು ದಿನಾ ನಂಬರು ಓದಿದೆ, ಅರ್ಥ ಓದಲಿಲ್ಲ. ಮಕ್ಕಳಿಗೆ ಇದಕ್ಕೇ ಬೈಯುತ್ತೇನೆ.

"ಎಲ್ಲಿಗೆ ಹೋಗಿತ್ತು ಶರಣ?"

"ಎಲ್ಲಿಗಿಲ್ರೀ."

"ಹಾಗಾದರೆ ಟಯರಿಗೆ ಜ್ವರವಾ?"

ನಕ್ಕ. ನಗು ಅರ್ಧಕ್ಕೇ ನಿಂತಿತು. ಚಕ್ರ ನೋಡುತ್ತ ಹೇಳಿದ: "ಅಕ್ಕೋರ, ನನ್ನ ಕೇಳಬ್ಯಾಡ್ರಿ. ಮ್ಯಾಲಿನವರನ್ನ ಕೇಳ್ರಿ."

ಡಿ. 9

ಗಂಗಾಂಬಿಕಾ ಮೇಡಂ: "ಟಯರ್ ಬಿಸಿ ಆಗದೆ ಐಸ್‌ಕ್ರೀಂ ಆಗ್ತದಾ?" ಆಮೇಲೆ ಕಂಪ್ಯೂಟರ್ ನೋಡುತ್ತ, "ನಿಮಗೆ ಗಾಳಿ ನೋಡಲಿಕ್ಕೆ ಹೇಳಿದ್ದು. ಟೆಂಪರೇಚರ್ ಅಲ್ಲ."

ಗೊತ್ತಿದೆ ಮೇಡಂಗೂ.

ವಾಪಸ್ ಶೆಡ್ಡಿಗೆ ಹೋದೆ. ಸೆರಗು ಸಿಕ್ಕಿಸಿ ಕುಳಿತು ಹಿಂದಿನ ಎಡ ಚಕ್ರದ ಒಳಮೈಗೆ ಕೈ ಹಾಕಿದೆ. ಹೊರಗಿನಿಂದ ಕಾಣದ ಕಡೆ. ಅಲ್ಲಿ ಒಂದು ಉಬ್ಬು. ಲಿಂಬೆಹಣ್ಣಿನಷ್ಟು. ಒತ್ತಿದರೆ ಮೆತ್ತಗಿದೆ. ಕೈ ತೆಗೆದ ಮೇಲೂ ಬೆರಳ ತುದಿಯಲ್ಲಿ ಆ ಮೆದುತನ ಉಳಿದೇ ಇದೆ.

ಫೋಟೋ ತೆಗೆದು ತೋರಿಸಿದೆ. "ಮಾರ್ಚ್ ನಂತರ ನೋಡೋಣ," ಎಂದರು ಮೇಡಂ.

ಆ ಚಕ್ರದ ಮೇಲಿನ ಸೀಟು ಕೊನೆಯ ಸಾಲಿನ ಕಿಟಕಿಯದ್ದು. ನಾನು ಬೇಗ ಹೊರಡುವುದರಿಂದ ಅಭಿಜ್ಞಾ ವ್ಯಾನಿಗೇ ಬರುವವಳು. ಅದು ಅವಳ ಸೀಟು. ಮೊದಲ ದಿನವೇ ಜಗಳವಾಡಿ ಹಿಡಿದಿದ್ದಾಳೆ.

ಡಿ. 11, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಶಾಲೆಯಿಂದ ಬಂದ ಅಭಿಜ್ಞಾ ಬ್ಯಾಗಿನಿಂದ ಒಂದು ಎಲೆಯಡಿಕೆ ಸಂಚಿ ತೆಗೆದಳು. ಹಸಿರು ಕಣದ ಬಟ್ಟೆ, ಕೆಂಪು ದಾರ, ದಾರದ ತುದಿಗೆ ಒಂದು ಹಳೇ ತೂತಿನ ಕಾಸು. "ಅಮ್ಮಾ, ಇದು ಮುರಿಗೆವ್ವಂದಲ್ದಾ? ಯನ್ನ ಸೀಟಿನ ಅಡಿಗೆ ಬಿದ್ದಿತ್ತು."

ಮುರಿಗೆವ್ವ ನಮ್ಮನೆಗೆ ಅಡಿಕೆ ಕೊಯ್ಲಿಗೆ ಬರುವ ಹೆಂಗಸು. ಕೊಯ್ಲು ಶುರುವಾದಾಗಿನಿಂದ ದಾಸನಕೊಪ್ಪದ ಕಡೆಯ ಒಂದು ಗುಂಪು ದಿನಾ ಬೆಳಿಗ್ಗೆ ಬರುತ್ತದೆ. ರಸ್ತೆ ತಿರುವಿನಲ್ಲಿ ಇಳಿದು ನಡೆದು ಬರುತ್ತಾರೆ. ಅವರಿಗೆ ಟೀ ಕೊಟ್ಟು ನಾನು ಸ್ಕೂಟಿ ಹತ್ತುತ್ತೇನೆ. ಯಾವ ಗಾಡಿಯಲ್ಲಿ ಬಂದಿರಿ ಎಂದು ಒಂದು ದಿನ ಕೇಳಲಿಲ್ಲ. ಸ್ವಲ್ಪ ಮುಂಚೆ ಹೊರಟಿದ್ದರೆ ಶಾಲೆಯವರೆಗೂ ನಮ್ಮ ವ್ಯಾನಿನ ಹಿಂದೆಯೇ ಹೋಗುತ್ತಿದ್ದೆ.

ಸಂಚಿಯನ್ನು ಇವರ ಊಟದ ಬಟ್ಟಲಿನ ಪಕ್ಕ ಇಟ್ಟೆ.

"ಎಂತದು?" ಎಂದರು.

"ಶಾಲೆ ವ್ಯಾನಲ್ಲಿ ಸಿಕ್ಕಿದ್ದು. ನಮ್ಮನೆ ಆಳುಗಳು ಯಾವ ಗಾಡಿ ಮೇಲೆ ಬತ್ವ?"

"ಯಾವುದೋ ಟೆಂಪೋ ಹೇಳಿ—"

"ನಾಗಪತಿ ಹೆಗಡೇರೇ."

ಪೂರ್ತಿ ಹೆಸರು ಕೇಳಿ ಕೈ ಬಟ್ಟಲಿನಲ್ಲೇ ನಿಂತಿತು.

"ಕೊಯ್ಲಿಗೆ ಆಳು ಸಿಕ್ತ್ವಿಲ್ಲೆ ಮಾರಾಯ್ತಿ. ಸಿಕ್ಕಿದವು ದೂರದವು. ಬಸ್ಸು ಬಪ್ಪದು ಹೊತ್ತೇರಿದ ಮೇಲೆ. ವ್ಯಾನು ಶೆಡ್ಡಲ್ಲಿ ಸುಮ್ನೆ ನಿಂತಿರ್ತು. ಶಾಲೆ ಅಧ್ಯಕ್ಷರೇ ಹೇಳಿದ್ರು, ಎಲ್ಲರ ಮನೆಗೂ ಅನುಕೂಲ ಆಗ್ತು ಹೇಳಿ."

"ಎಷ್ಟು ಜನ ತುಂಬ್ತ?"

"ಸೀಟಿದ್ದಷ್ಟು."

"ನಮ್ಮನೆಗೇ ಎಂಟು ಜನ ಬತ್ವ. ಸೀಟಿಪ್ಪದು ಹದಿಮೂರು. ಮತ್ತೆ ಉಳಿದ ಮನೆಗೆಲ್ಲ?"

ಮತ್ತೆ ಅನ್ನ ಕಲಸತೊಡಗಿದರು.

"ಹಿಂದಿನ ಟಯರು ಲಿಂಬೆಹಣ್ಣಿನ ಹಾಂಗೆ ಉಬ್ಬಿದ್ದು. ಅದರ ಮೇಲೆ ನಿಮ್ಮ ಮಗಳು ಕೂತು ಬತ್ತು."

"ಇಷ್ಟು ದಿನ ಎಂತೂ ಆಜಿಲ್ಲೆ ಅಲ್ದಾ. ಕೊಯ್ಲು ಮುಗಿಯವರೆಗೆ..."

ಎದ್ದು ಹೋದೆ. ಪಾತ್ರೆ ತೊಳೆದೆ. ಜೋರಾಗಿ ತೊಳೆದೆ.

ಡಿ. 12

ಅಭಿಜ್ಞಾಳನ್ನು ಇವತ್ತಿನಿಂದ ಸ್ಕೂಟಿಯಲ್ಲೇ ಕರೆದುಕೊಂಡು ಹೋಗುವುದು. ಏಳುವಾಗ ಅತ್ತಳು. ಕಿಟಕಿ ಸೀಟು ಬೇರೆಯವರ ಪಾಲಾಗುತ್ತದಂತೆ. ಆಗಲೇ ಹೊಳೆದದ್ದು: ಹೌದು, ಬೇರೆಯವರ ಪಾಲಾಗುತ್ತದೆ. ಬೇರೆಯವರ ಮಗು ಕೂರುತ್ತದೆ. ನನ್ನದನ್ನು ಇಳಿಸಿಕೊಂಡರೆ ಮುಗಿಯಿತೇ.

ಟೀ ಕೊಡುವಾಗ ಮುರಿಗೆವ್ವನಿಗೆ ಸಂಚಿ ಕೊಟ್ಟೆ. ಕಣ್ಣಿಗೊತ್ತಿಕೊಂಡಳು.

"ಎಲ್ಲಿ ಸಿಕ್ತ್ರೀ ಅಕ್ಕೋರ?"

"ನೀನು ಕೂತ ಸೀಟಿನ ಕೆಳಗೆ. ನಮ್ಮ ಶಾಲೆ ವ್ಯಾನಲ್ಲಿ."

ಅವಳು ಪಕ್ಕದವಳ ಮುಖ ನೋಡಿದಳು. ಇಬ್ಬರಿಗೂ ನಗು. "ನಿಮಗ ಗೊತ್ತಿದ್ದಿಲ್ಲೇನ್ರಿ? ಇಡೀ ಸೀಮಿಗೆ ಗೊತ್ತೈತಲ್ರಿ. ನಮ್ಮ ಶರಣ ನನ್ನ ಅಕ್ಕನ ಮಗಾನ. ಒಂದೊಂದು ತಿರುವಿಗೆ ನಮ್ಮನ್ನ ಇಳಿಸ್ತಾನ, ಆಮ್ಯಾಲ ಶಾಲಿಗೆ ಹೋಗಿ ಬಂದು ಅದ ತಿರುವಿನಾಗ ನಿಮ್ಮ ಹುಡುಗರನ್ನ ಹತ್ತಿಸ್ಕೋತಾನ."

ಒಬ್ಬರು ಇಳಿದಲ್ಲಿ ಇನ್ನೊಬ್ಬರು ಹತ್ತುತ್ತಾರೆ. ಸೀಟಿನ ಬಿಸಿ ಆರುವುದಿಲ್ಲ, ಟಯರಿನದೂ ಆರುವುದಿಲ್ಲ. ಊರಿಗೆಲ್ಲ ಗೊತ್ತು. ಗಾಳಿ ನೋಡುವವಳಿಗೆ ಗೊತ್ತಿಲ್ಲ.

ಗಾಳಿ ನೋಡುವವಳು ಕನ್ನಡ ಟೀಚರು,
ಗಾಳಿಗೆ ಬಿಟ್ಟವರು ಮಿಕ್ಕವರೆಲ್ಲರು.

ಡಿ. 15, ಸೋಮವಾರ

ಪಾಲಕರ ಮೀಟಿಂಗ್ ಇತ್ತು. ಗ್ಯಾದರಿಂಗಿನ ಶಾಮಿಯಾನ, ಮಕ್ಕಳ ಡ್ಯಾನ್ಸಿನ ಡ್ರೆಸ್ಸು. ಕೊನೆಗೆ "ಇತರೆ ವಿಷಯ" ಎಂದರು ಅಧ್ಯಕ್ಷರು. ಇತರೆ ವಿಷಯ ಎದ್ದು ನಿಂತಿತು.

ಗೇಜ್ ತೋರಿಸಿದೆ. ಉಬ್ಬಿನ ಫೋಟೋ ತೋರಿಸಿದೆ. ಗಾಳಿ ಕಡಿಮೆಯಾದ ಟಯರು ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿಕೊಂಡಷ್ಟು ಬಿಸಿಯಾಗುತ್ತದೆ, ಬಿಸಿಯಾದಷ್ಟು ಉಬ್ಬು ತೆಳುವಾಗುತ್ತದೆ ಎಂದೆ. ಹಳ್ಳದ ಇಳಿಜಾರಿನಲ್ಲಿ ಅದು ಒಡೆದರೆ ಯಾರ್ಯಾರ ಮಕ್ಕಳಿರುತ್ತಾರೆ ಎಂದು ಹೆಸರು ಹೇಳಿದೆ. ಒಂದೊಂದು ಹೆಸರಿಗೂ ಒಬ್ಬೊಬ್ಬರು ನೆಲ ನೋಡಿದರು. ಅವರೆಲ್ಲರ ಮನೆಯಲ್ಲೂ ಕೊಯ್ಲು.

"ಮಿಷನ್ ಚೈನಾದ್ದು," ಎಂದರು ಒಬ್ಬರು.

"ಉಬ್ಬು ಚೈನಾದ್ದಲ್ಲ," ಎಂದೆ.

ಅಧ್ಯಕ್ಷರು ಕನ್ನಡಕ ತೆಗೆದರು. ಬಹಳ ಮೆತ್ತಗೆ, "ನಮಿತಾ ಟೀಚರ್, ನಿಮ್ಮನೆಗೂ ಆಳು ಬತ್ವ ಅಲ್ದಾ?"

ಸಭೆ ನಕ್ಕಿತು. ಒಳ್ಳೆಯ ಜೋಕಿಗೆ ನಗುವ ಹಾಗೆ, ಮನಸ್ಸು ಹಗುರಾಗಿ. ನಾಗಪತಿ ಹೆಗಡೆಯವರು ಹಿಂದಿನ ಸಾಲಿನಲ್ಲಿ ಕೂತು ಶಾಮಿಯಾನದ ಕೊಟೇಷನ್ ಓದುತ್ತಿದ್ದರು.

ಬೇಕಾದ ಮಾತು ಆಗ ಬರಲಿಲ್ಲ. ಈಗ ಬರುತ್ತಿದೆ. ಹೇಳಬೇಕಿದ್ದದ್ದು ಇಷ್ಟು: ಹೌದು ಬತ್ವ, ನಾನೇ ಟೀ ಕೊಡ್ತೆ, ಅದಕ್ಕೇ ಮಾತಾಡ್ತಾ ಇದ್ದೆ. ಅಷ್ಟೇ ಇತ್ತು. ಅಷ್ಟೂ ಬರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಶಿಲ್ಪಾ ಕಾದಿದ್ದಳು, ಒಂದನೇ ಕ್ಲಾಸಿನ ಸಮೃದ್ಧಿಯ ತಾಯಿ. "ಟೀಚರ್, ಆ ಟಯರು ಯಂಗೆ ತೋರ್ಸಿ." ಕರೆದುಕೊಂಡು ಹೋದೆ. ಕೈ ಹಾಕಿದಳು. ಕೈಯನ್ನು ಬಹಳ ಹೊತ್ತು ಸೀರೆಗೆ ಒರೆಸಿಕೊಂಡಳು. ಕಿಟಕಿ ಸೀಟು ಈಗ ಸಮೃದ್ಧಿಯದಂತೆ.

ಡಿ. 16

ಮಾಡಿದೆ.

ಬೆಳಿಗ್ಗೆ ಏಳಕ್ಕೆ ಶೆಡ್ಡಿಗೆ ಹೋದೆ. ಹಿಂದಿನ ಎಡ 54 ಡಿಗ್ರಿ. ಇದುವರೆಗೆ ಇಷ್ಟು ಇರಲಿಲ್ಲ. ಗಾಳಿ 38. ತಲೆಯಿಂದ ಹೇರ್‌ಪಿನ್ ತೆಗೆದೆ. ವಾಲ್ವಿನ ನಡುವಿನ ಕಡ್ಡಿಯನ್ನು ಒತ್ತಿ ಹಿಡಿದೆ. ಬಿಸಿ ಗಾಳಿ ಮುಖಕ್ಕೆ ಬಂತು, ರಬ್ಬರಿನ ವಾಸನೆ. ಬಹಳ ಹೊತ್ತು ಬೇಕಾಯಿತು. ನಡುವೆ ಬೆರಳು ನೋಯಿತು, ಕೈ ಬದಲಿಸಿದೆ. ವ್ಯಾನು ನಿಧಾನ ನನ್ನ ಕಡೆಗೆ ವಾಲಿತು, ಮಾತು ಕೇಳಿಸಿಕೊಳ್ಳಲು ಬಗ್ಗಿದವರ ಹಾಗೆ.

ಶರಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಡೆಯಲಿಲ್ಲ.

"ಸ್ಟೆಪ್ನಿ ಟಯರು ಹಾಕಬೇಡ," ಎಂದೆ.

"ಸ್ಟೆಪ್ನಿ ಎಲ್ಲೈತ್ರೀ ಅಕ್ಕೋರ. ಇನ್ನಿಬ್ಬರು ಕೂಡಾಕ ಜಾಗ ಬೇಕಂತ ತೆಗೆಸಿ ಇಟ್ಟಾರ."

ಗೇಜ್ ಒತ್ತಿದೆ. 00.

ಶಾಲೆಗೆ ಬಂದ ಮೊದಲ ಫೋನು ಅಧ್ಯಕ್ಷರ ಮನೆಯಿಂದ. ಎರಡನೆಯದು ತಿರುವಿನಾಚೆ ಮನೆಯವರದ್ದು. ಮೂರನೆಯದು ನಾಗಪತಿ ಹೆಗಡೆಯವರದ್ದು. ಮೂವರೂ ಕೇಳಿದ್ದು ಒಂದೇ: ವ್ಯಾನು ಕೆಟ್ಟಿದ್ದಡ, ಸಂಜೆ ಆಳುಗಳು ಹೆಂಗೆ ಹೋಪದು? ನಾಳೆ ಬತ್ವಾ?

ಮಕ್ಕಳು ಆಗ ಒಂದೊಂದು ತಿರುವಿನಲ್ಲಿ ಬ್ಯಾಗ್ ಹೊತ್ತು ನಿಂತಿದ್ದರು.

ಶಿಲ್ಪಾ ತನ್ನ ಓಮ್ನಿಯಲ್ಲಿ ಸಿಕ್ಕಷ್ಟು ಮಕ್ಕಳನ್ನು ತಂದಿಳಿಸಿದಳು. ಎರಡನೇ ಟ್ರಿಪ್ ಕೂಡ ಹೊಡೆದಳು. ಟೀ ಬ್ರೇಕಿನಲ್ಲಿ ಪಾಲಕರ ವಾಟ್ಸಾಪ್ ಗುಂಪಿಗೆ ಉಬ್ಬಿನ ಫೋಟೋ ಹಾಕಿದೆ. ಕೆಳಗೆ:

ಅಡಿಕೆಗೆ ರೇಟು, ಮಕ್ಕಳಿಗೆ ಸೀಟು,
ಎರಡನ್ನೂ ಹೊತ್ತ ಟಯರಿಗೆ ಏಟು.
ಉಬ್ಬು ಒಡೆದರೆ ಹಳ್ಳದ ದಾರಿ,
ಆಮೇಲೆ ಕೇಳೋಣ ಯಾರ ಜವಾಬ್ದಾರಿ.

ಮಧ್ಯಾಹ್ನದವರೆಗೆ ಎಲ್ಲರೂ ನೋಡಿದರು, ಯಾರೂ ಮಾತಾಡಲಿಲ್ಲ. ಆಮೇಲೆ ಶಿಲ್ಪಾ ಬರೆದಳು: ಸಮೃದ್ಧಿ ನಾಳೆಯಿಂದ ವ್ಯಾನಿಗೆ ಬರುವುದಿಲ್ಲ. ಅದರ ಕೆಳಗೆ ಇನ್ನೊಬ್ಬಳು ತಾಯಿ. ಇನ್ನೊಬ್ಬಳು. ಒಬ್ಬ ಗಂಡಸೂ ಇಲ್ಲ. ಸಂಜೆಗೆ ಗುಂಪಿಗೆ ಒಬ್ಬರು ಬಂದರು — "ಟೀಚರ್ ಪ್ರಾಸ ಚೊಲೊ ಇದ್ದು."

ಡಿ. 17

ನಿನ್ನೆ ಸಂಜೆ ಆಳುಗಳನ್ನು ಇವರೇ ಜೀಪಿನಲ್ಲಿ ದಾಸನಕೊಪ್ಪಕ್ಕೆ ಬಿಟ್ಟು ಬಂದರು. ಎರಡು ಸಲ ಹೋಗಿ ಬರಬೇಕಾಯಿತು. ಬಂದು ಮಲಗಿದರು. ಇವತ್ತು ಯಾರೂ ಬರಲಿಲ್ಲ. ಟೀ ಪಾತ್ರೆ ಅಭ್ಯಾಸದಂತೆ ದೊಡ್ಡದನ್ನೇ ಇಟ್ಟಿದ್ದೆ.

ಬೆಳಿಗ್ಗೆ ಬಚ್ಚಲ ಕಟ್ಟೆಯ ಹತ್ತಿರ, "ಗಾಳಿ ಬಿಟ್ಟಿದ್ದು ನೀನೇಯಾ?"

"ಹೌದು."

"ಯಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳಿದ್ದೆ. ಬಟ್ಟಲಿನ ಪಕ್ಕ ಇಟ್ಟು ಹೇಳಿದ್ದೆ."

ಡಿ. 18, ಗುರುವಾರ

ಮಾರ್ಚ್ ನಂತರ ಬರಬೇಕಿದ್ದ ಟಯರು ಇವತ್ತು ಬಂತು. ಒಂದಲ್ಲ, ಹಿಂದಿನವು ಎರಡೂ. ಸ್ಟೆಪ್ನಿಯೂ ತನ್ನ ಜಾಗಕ್ಕೆ ಬಂದು ಕೂತಿದೆ. ಮಕ್ಕಳಿಗಾಗಿ ಎಂದುಕೊಳ್ಳಲು ಮನಸ್ಸಿತ್ತು. ಆದರೆ ಅಧ್ಯಕ್ಷರ ಮನೆಯ ಕೊಯ್ಲು ಒಂದು ದಿನ ನಿಂತಿತ್ತು. ಎಷ್ಟು ಬೇಗ ಬರುತ್ತದೆ ಟಯರು, ತರಿಸಬೇಕಾದವರಿಗೆ ಬೇಕಾದಾಗ.

ತಾಯಂದಿರ ಗಲಾಟೆಗೆ ಇನ್ನೊಂದು ತೀರ್ಮಾನವಾಗಿದೆ: ವ್ಯಾನು ಇನ್ನು ಮೇಲೆ ಮಕ್ಕಳಿಗೆ ಮಾತ್ರ. ಕೀ ರಾತ್ರಿ ಗಂಗಾಂಬಿಕಾ ಮೇಡಂ ಹತ್ತಿರ.

ಶರಣನಿಗೆ ಮೆಮೊ ಕೊಟ್ಟಿದ್ದರು. ಗಾಳಿ ಬಿಟ್ಟವನು ಅವನಂತೆ. ಅಧ್ಯಕ್ಷರಲ್ಲಿಗೆ ಹೋಗಿ ನಾನು ಬಿಟ್ಟದ್ದು ಎಂದೆ. ನಂಬಲಿಲ್ಲ.

"ಎಂತದ್ರಲ್ಲಿ ಬಿಟ್ರಿ?"

"ಹೇರ್‌ಪಿನ್ನಿನಲ್ಲಿ."

"ಹೇರ್‌ಪಿನ್ನಲ್ಲಿ ಯಾರಾದ್ರೂ ವ್ಯಾನ್ ನಿಲ್ಲಿಸ್ತ್ವ?"

"ಹೊರಗೆ ನಿಮ್ಮ ಕಾರಿದ್ದು. ತೋರಿಸವಾ?"

ಮೆಮೊ ವಾಪಸ್ ತೆಗೆದುಕೊಂಡರು. ಗೇಜನ್ನು ಆಫೀಸಿನಲ್ಲಿಡಿ ಎಂದರು. ಆಯಿತು ಎಂದೆ. ಬ್ಯಾಗಿನಲ್ಲೇ ಇದೆ.

ಡಿ. 22, ಸೋಮವಾರ

ನೆಲ 16. ನಾಲ್ಕೂ ಟಯರು 16. ಗಾಳಿ ನಾಲ್ಕಕ್ಕೂ 45. ಹೊಸ ರಬ್ಬರಿನ ಮೇಲಿನ ಸಣ್ಣ ಕೂದಲುಗಳೂ ಸವೆದಿಲ್ಲ. ಅಂಗೈಯಿಟ್ಟೆ. ತಣ್ಣಗೆ, ಬಾವಿಕಟ್ಟೆಯ ಕಲ್ಲಿನ ಹಾಗೆ. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಶರಣ ಕೆಮ್ಮಿದ.

ಮಗಳು ಕಿಟಕಿ ಸೀಟಿಗೆ ವಾಪಸ್ ಹೋಗಿದ್ದಾಳೆ. ಸಮೃದ್ಧಿ ಜೊತೆ ಒಪ್ಪಂದ — ಹೋಗುವಾಗ ಇವಳು, ಬರುವಾಗ ಅವಳು.

ಮನೆಯಲ್ಲಿ, "ಈಗ ಸಮಾಧಾನ ಆತಾ?" ಎಂದರು ಇವರು.

"ಆತು," ಎಂದೆ. ಬರೆಯುವಾಗ ಸರಿಯಾಗಿ ಬರೆಯಬೇಕು: ಅರ್ಧ. ಮುರಿಗೆವ್ವ ಬಂದಿಲ್ಲ. ಅವಳ ದಿನದ ಕೆಲಸ ನನ್ನ ಪಿನ್ನಿಗೆ ಹೋಯಿತು ಎಂಬುದು ಈ ಐದಾರು ದಿನ ನೆನಪಾಗಲೇ ಇಲ್ಲ.

ಡಿ. 24

ಬೆಳಿಗ್ಗೆ ಅಂಗಳದಲ್ಲಿ ಮಾತು ಕೇಳಿತು. ಬಂದಿದ್ದಾರೆ. ಮುರಿಗೆವ್ವನ ತಲೆ, ಹುಬ್ಬು ಎಲ್ಲ ಧೂಳು. ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಳು. ಚಳಿ.

"ಹೇಗೆ ಬಂದ್ರಿ?"

"ಪಿಕಪ್ಪಿನ್ಯಾಗ. ಹಿಂದ ನಿಂತಗೊಂಡು, ಹಗ್ಗಾ ಹಿಡಕೊಂಡು. ಕೂತರ ಎಲ್ಲರಿಗೂ ಜಾಗ ಆಗಂಗಿಲ್ರೀ." ಒಂದು ಗುಟುಕು ಕುಡಿದಳು. "ನಿಮ್ಮ ಹುಡುಗರ ವ್ಯಾನಿಗೆ ಹೊಸಾ ಟಯರ್ ಬಂತಂತಲ್ರೀ ಅಕ್ಕೋರ. ಚೊಲೊ ಆತು. ಶರಣ ಹೇಳಿದ, ನೀವು ತಲಿ ಪಿನ್ನ ತಗದು ಗಾಳಿ ಬಿಟ್ರಂತ."

"ಬಿಟ್ಟೆ."

"ಅವತ್ತ ಮುಂಜಾನಿ ಅದ ಟಯರಿನ ಮ್ಯಾಲ ನಾವು ಬಂದಿದ್ವಿ. ನಾವು ಇಳದ ಮ್ಯಾಲ ಬಿಟ್ರಿ." ಬೈಗುಳವಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು, ಮಳೆ ಬಿಸಿಲಿನ ಮಾತು ಹೇಳುವ ಹಾಗೆ. ಪಕ್ಕದವಳು ಅವಳ ಮೊಣಕೈ ತಿವಿದಳು. ಮುರಿಗೆವ್ವ ನಕ್ಕಳು. "ಒಮ್ಮೆ ನಮ್ಮ ಗಾಡಿಗೂ ನಿಮ್ಮ ಪಿಸ್ತೂಲು ಹಿಡೀರಿ ಅಂದೆ ಅಷ್ಟ."

ಅವರು ಹೋದ ಮೇಲೆ ಇವರನ್ನು ಕೇಳಿದೆ: ಯಾರದ್ದು ಆ ಪಿಕಪ್ಪು?

"ಯಾರದ್ದೋ ಬಾಡಿಗೇದು. ಶಾಲೇದಲ್ಲ ಅಲ್ದಾ. ನಿಂಗೆ ಎಂತಕ್ಕೆ?"

ಶಾಲೇದಲ್ಲ. ಹದಿಮೂರು ಮಕ್ಕಳನ್ನು ಇಳಿಸಿ, ಅವರಿಗಿಂತ ಹೆಚ್ಚು ಜನರನ್ನು ಬಾಗಿಲಿಲ್ಲದ, ಸೂರಿಲ್ಲದ ಗಾಡಿಗೆ ಹತ್ತಿಸಿದ್ದೇವೆ. ಆ ಸಭೆಯಲ್ಲಿ ನಾನು ಹೆಸರು ಹೇಳಿದ್ದು ಯಾರದ್ದು? ಮಕ್ಕಳದ್ದು. ಬರೀ ಮಕ್ಕಳದ್ದು. ಇಷ್ಟು ದಿನ ಸಿಟ್ಟು ಹೊರಗೆ ಹೋಗುತ್ತಿತ್ತು, ದಾರಿ ಗೊತ್ತಿತ್ತು. ಇವತ್ತು ಹೋಗಿ, ಮನೆ ಬಾಗಿಲಿಗೇ ವಾಪಸ್ ಬಂದು ನಿಂತಿದೆ.

ಪ್ರಾಸ ಕೂಡಲಿಲ್ಲ. ಕೂಡಿಸಲಿಲ್ಲ.

ಡಿ. 26, ಶುಕ್ರವಾರ, ಸ್ಟಾಫ್ ರೂಮು, ಬೆಲ್ಲಿಗೆ ಮುಂಚೆ

ಬೆಳಕು ಹರಿಯುವ ಹೊತ್ತಿಗೇ ತಿರುವಿಗೆ ಹೋಗಿ ನಿಂತೆ. ಸ್ವೆಟರ್ ಮೇಲೆ ಶಾಲು, ತಲೆಗೆ ಸ್ಕಾರ್ಫು, ಕೈಯಲ್ಲಿ ಗೇಜು. ಹಿಂದೆ ಹೆಜ್ಜೆ ಸದ್ದು. ಇವರು. ಲುಂಗಿ ಎತ್ತಿ ಕಟ್ಟಿ, ಟಾರ್ಚು ಹಿಡಿದು.

"ಎಂತ ಮಾಡವು ಹೇಳಿ ಹೊರಟಿದ್ದೆ?"

"ನೋಡವು."

ಮನೆಗೆ ಬಾ ಎನ್ನಲಿಲ್ಲ. ಪಕ್ಕದಲ್ಲಿ ನಿಂತರು.

ಪಿಕಪ್ಪು ಬಂತು. ಹಿಂದೆ ಕಂಬಗಳ ಹಾಗೆ ಒತ್ತಾಗಿ ನಿಂತ ಜನ. ಮುರಿಗೆವ್ವ ಮೊದಲು ಇಳಿದಳು, ಉಳಿದವರ ಕೈ ಹಿಡಿದು ಇಳಿಸಿದಳು. ನಮ್ಮನೆಯವರು ಇಳಿದ ಮೇಲೂ ಮುಂದಿನ ಮನೆಗಳಿಗೆ ಹೋಗುವವರು ಮೇಲೆಯೇ ಇದ್ದರು.

ನಾನು ಚಕ್ರದ ಹತ್ತಿರ ಕೂತೆ. ರಸ್ತೆ 15. ಮುಂದಿನ ಚಕ್ರ 38. ಹಿಂದಿನ ಎಡ — ಇಲ್ಲೂ ಹಿಂದಿನ ಎಡವೇ — ಇವರು ಟಾರ್ಚು ಹಿಡಿದರು. ರಬ್ಬರಿನ ಗೆರೆಗಳೇ ಇಲ್ಲ. ಒಂದು ಕಡೆ ಒಳಗಿನ ನೂಲು ಹೊರಗೆ ಬಂದಿದೆ, ಹಳೇ ಚಾಪೆಯ ಅಂಚಿನ ಹಾಗೆ. ಕೆಂಪು ಚುಕ್ಕೆ ಇಟ್ಟೆ.

"ಎಷ್ಟೈತ್ರೀ?" ಮುರಿಗೆವ್ವ ಬಗ್ಗಿದಳು.

ನಂಬರು ತೋರಿಸಿದೆ. 63. ಅವಳಿಗೆ ನಂಬರು ಬೇಕಿರಲಿಲ್ಲ. ನೂಲು ನೋಡುತ್ತಿದ್ದಳು. ಇವರೂ ನೂಲನ್ನೇ ನೋಡುತ್ತಿದ್ದರು. ಟಾರ್ಚಿನ ಬೆಳಕು ಸ್ವಲ್ಪ ಅಲುಗಿತು.

"ಏನ್ರೀ ಅದು, ಹೊತ್ತಾತು, ಇನ್ನೂ ಮೂರು ಕಡಿ ಇಳಸೋದೈತಿ," ಎಂದ ಪಿಕಪ್ಪಿನವನು. ಎಂಜಿನ್ ಆಫ್ ಮಾಡಲಿಲ್ಲ.

ಮೇಲೆ ನಿಂತವರು ಹಗ್ಗ ಹಿಡಿದೇ ಬಗ್ಗಿ ನೋಡುತ್ತಿದ್ದರು. ನಾನು ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದೆ. ತಲೆಗೆ ಕೈ ಹಾಕಿದೆ. ಸ್ಕಾರ್ಫು ಕಟ್ಟುವ ಗಡಿಬಿಡಿಯಲ್ಲಿ ಇವತ್ತು ಪಿನ್ನು ಹಾಕಿರಲಿಲ್ಲ. ಇವರ ಮುಖ ನೋಡಿದೆ. ಇವರು ಟಾರ್ಚನ್ನು ವಾಲ್ವಿಗೆ ಸರಿಯಾಗಿ ಹಿಡಿದರು.

ಮುರಿಗೆವ್ವ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ಅತ್ಲಾಗ ಸರೀರಿ ಅಕ್ಕೋರ," ಎಂದು ತನ್ನ ತುರುಬಿನ ಪಿನ್ನಿಗೆ ಕೈ ಹಾಕಿ —